ಗಣೆಯ ದನಿಗೊಂದು ಮಟ್ಟ

ಶಿರಾ, ಪಾವಗಡದ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯಕ್ಕೆ ಜೊತೆಯಾಗುವ ಗಣೆ ಉದ್ದನೆಯ ಬಿದಿರ ಕೊಳಲು, ದನಿ ತಗ್ಗು. ಮಧುಗಿರಿ, ಕೊರಟಗೆರೆ ಕಡೆಯ ಮೂಡಲಪಾಯ ಯಕ್ಷಗಾನದ ಊದುವಾದ್ಯ ಮುಖವೀಣೆಯಾದರೋ ಬಯಲನ್ನೇ ಸೀಳುವಂಥದ್ದು. ಇವನ್ನು ಧ್ವನಿಮುದ್ರಿಸಿ ಮಿಕ್ಸಿಂಗಿಗೆ ಕೂತವರಿಗೆ ನಾರ್ಮಲೈಸೇಷನ್ ಎಂಥ ಉಪಕಾರಿ!

ಅದು ಟ್ರ್ಯಾಕಿನ ಅತಿ ಎತ್ತರದ ಶಿಖರವನ್ನು ಹುಡುಕಿ, ನಾವು ಹೇಳಿದ ಮಟ್ಟಕ್ಕೆ ಇಡೀ ಟ್ರ್ಯಾಕನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತದೆ. ಗಣೆಯ ಶಿಖರ ಮೈನಸ್ 20 ಡೆಸಿಬೆಲ್‌ನಲ್ಲಿದ್ದು ಮೈನಸ್ 6 ಬೇಕೆಂದರೆ ಎಲ್ಲಕ್ಕೂ 14 ಡೆಸಿಬೆಲ್ ಸೇರುತ್ತದೆ, ಅಷ್ಟೆ. ಕಂಪ್ರೆಸರ್‌ನಂತೆ ಏರಿಳಿತವನ್ನು ಅದುಮುವುದಿಲ್ಲ. ಹಾಡುಗಾರನ ಮೆಲುದನಿಗೂ ಕೂಗಿಗೂ ಇರುವ ಅಂತರ ಹಾಗೇ ಉಳಿಯುತ್ತದೆ. ಈ ಪ್ರಾಮಾಣಿಕತೆಯೇ ನನಗೆ ಅಚ್ಚುಮೆಚ್ಚು. ಹಟ್ಟಿಯ ಗಾಳಿ, ನಾಯಿಯ ಬೊಗಳುವಿಕೆಯೂ ಅಷ್ಟೇ ಏರುತ್ತವೆ, ನಿಜ.

ಆದರೆ ಶಿಖರಗಳು ಸಮನಾದ ಮಾತ್ರಕ್ಕೆ ಕಿವಿಗೆ ಸಮನಾಗದು. ತಾಳದ ಪೆಟ್ಟು ಶಿಖರ ಮುಟ್ಟಿಯೂ ಸಣ್ಣದಾಗಿ ಕೇಳುತ್ತದೆ, ಭಾಗವತರ ನಿಡುದನಿ ತುಂಬಿಕೊಂಡು ಕೇಳುತ್ತದೆ. 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ, ಕಿವಿಗೆ ತಟ್ಟುವ ಗಟ್ಟಿತನವನ್ನೇ ಅಳೆದು ಮೈನಸ್ 23 LUFS ಎಂಬ ಗುರಿ ಇಟ್ಟದ್ದು ಇದಕ್ಕೇ. ಹಾಗಾಗಿ ನಾರ್ಮಲೈಸ್ ಮಾಡಿ ಆರಂಭಿಸಿ. ಕೊನೆಯ ಹದವನ್ನು ಫೇಡರ್ ಹಿಡಿದು ಕಿವಿಯಿಂದಲೇ ನಿರ್ಧರಿಸಿ. ಮೂಲ ಪ್ರತಿಯನ್ನು ಮಾತ್ರ ಮುಟ್ಟದೆ ಕಾಪಾಡಿ.