ನೀರು ಎತ್ತ ಹೋಗುತ್ತದೆ ನೋಡಿ

ನಂದಿಗುಡಿ, ಮಲೇಬೆನ್ನೂರು ಕಡೆ ಗೃಹಪ್ರವೇಶಕ್ಕೆ ಹೋದವರು ಈಗ ದೇವರಮನೆ, ಅಡುಗೆಮನೆ ನೋಡಿದ ಮೇಲೆ ಬಚ್ಚಲಿಗೂ ಒಮ್ಮೆ ಇಣುಕುತ್ತಾರೆ. ಹಂಡೆ, ಒಲೆ, ಕಾಲಡಿಗೆ ಒಂದು ಕಲ್ಲುಚಪ್ಪಡಿ ಇದ್ದ ಕಾಲದಲ್ಲಿ ಅಲ್ಲಿ ನೋಡಲು ಏನಿತ್ತು? ಈಗ ನೆಲದಿಂದ ಸೂರಿನವರೆಗೆ ಟೈಲ್ಸ್. "ಚೆಂದ ಆಗೇತಿ" ಅನ್ನುತ್ತಾರೆ. ಬಾಕ್ಸಿಗೆ ಎಷ್ಟು ಬಿತ್ತು, ದಾವಣಗೆರೆಯಲ್ಲಿ ತಂದಿರೋ ಹರಿಹರದಲ್ಲೋ ಅಂತ ವಿಚಾರಿಸುತ್ತಾರೆ. ಕೂರಿಸಿದ ಮೇಸ್ತ್ರಿ ಯಾರು ಅಂತ ಕೇಳುವವರು ಕಡಿಮೆ. ನಮ್ಮ ಅಂಗಡಿಗಳ ಟೈಲ್ಸ್ ಬಹುಪಾಲು ಬರುವುದು ಗುಜರಾತಿನ ಮೊರ್ಬಿಯಿಂದ. ಅದರ ಹೊಳಪನ್ನು ಹೊಗಳಿದರೆ ಅಲ್ಲಿನ ಯಂತ್ರವನ್ನು ಹೊಗಳಿದ ಹಾಗಾಯಿತು. ಮೇಸ್ತ್ರಿಯ ಕೈ ಕಾಣುವುದು ಎರಡು ಟೈಲುಗಳ ಸಂದಿನಲ್ಲಿ, ಮೂಲೆಯಲ್ಲಿ, ನೆಲದ ವಾಟದಲ್ಲಿ.

ಮೊದಲ ಪರೀಕ್ಷೆಗೆ ಒಂದು ಬಕೆಟ್ ನೀರು ಸಾಕು. ನೀರು ಹೋಗುವ ಜಾಲಿಯಿಂದ ಎಲ್ಲಕ್ಕಿಂತ ದೂರ ಇರುವ ಮೂಲೆಯಲ್ಲಿ ಸುರಿದು, ಸುಮ್ಮನೆ ನಿಂತು ನೋಡಿ. ಒಳ್ಳೆಯ ನೆಲದಲ್ಲಿ ನೀರು ತಡವರಿಸದೆ ಜಾಲಿಗೆ ಹೋಗುತ್ತದೆ. ಐದು ನಿಮಿಷ ಬಿಟ್ಟು ಬಂದರೆ ಹನಿಗಳು ಉಳಿದಿರಬಹುದು, ಮಡು ನಿಂತಿರಬಾರದು. ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಎಂಟು ಅಡಿಯ ಬಚ್ಚಲಲ್ಲಿ ಅದು ಸುಮಾರು ಒಂದು ಇಂಚು. ಅತಿಯಾದರೂ ತೊಂದರೆಯೇ, ಸ್ನಾನದ ಸ್ಟೂಲು ಅಲುಗಾಡುತ್ತದೆ. ನೆಲಕ್ಕೂ ಎರಡಡಿ ಟೈಲೇ ಬೇಕೆಂದು ಹಟ ಹಿಡಿಯುವವರು ಒಂದು ಯೋಚಿಸಲಿ. ನಾಲ್ಕೂ ಕಡೆಯಿಂದ ಒಂದೇ ಜಾಲಿಗೆ ವಾಟ ಕೊಡಬೇಕಾದರೆ ಅಷ್ಟು ದೊಡ್ಡ ಟೈಲು ಬಾಗುವುದಿಲ್ಲ. ಒಂದಡಿಯದೋ ಅದಕ್ಕಿಂತ ಚಿಕ್ಕದೋ ಆದರೆ ಹೊಂದಿಕೊಳ್ಳುತ್ತದೆ. ದೊಡ್ಡದನ್ನೇ ಹಾಕಿದ ಜಾಣ ಮೇಸ್ತ್ರಿ ಜಾಲಿಯ ಸುತ್ತ ಅದನ್ನು ಓರೆಯಾಗಿ ಕೊಯ್ದು ತಗ್ಗಿಸಿರುತ್ತಾನೆ. ಆ ಓರೆ ಗೆರೆಗಳು ಕಂಡರೆ ಅವನಿಗೊಂದು ನಮಸ್ಕಾರ ಹೇಳಿ.

ಇನ್ನು ತುಂಡುಗಳ ಲೆಕ್ಕ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ರುಚಿಸುವ ಭಾಗ ಇದು. ಗೋಡೆ ಏಳಡಿ ಎರಡು ಇಂಚು, ಅಂದರೆ 86 ಇಂಚು ಅಗಲ ಇದೆ ಅನ್ನಿ. ಟೈಲು ಒಂದಡಿ ಅಗಲ. ಅವಸರದವನು ಒಂದು ಮೂಲೆಯಿಂದ ಶುರು ಮಾಡಿ ಏಳು ಇಡೀ ಟೈಲು ಕೂರಿಸಿ, ಕೊನೆಗೆ ಉಳಿದ ಎರಡು ಇಂಚಿಗೆ ಒಂದು ಪಟ್ಟಿ ತುರುಕುತ್ತಾನೆ. ಗೋಡೆ ಕೊಂಚ ಸೊಟ್ಟ ಇದ್ದರಂತೂ ಆ ಪಟ್ಟಿ ಮೇಲೆ ಎರಡು ಇಂಚು, ಕೆಳಗೆ ಒಂದೂವರೆ ಆಗಿ, ಸೊಟ್ಟ ಇರುವುದನ್ನು ಊರಿಗೆಲ್ಲ ಸಾರುತ್ತದೆ. ಯೋಚಿಸುವವನು ಮೊದಲು ಅಳೆಯುತ್ತಾನೆ. ಆರು ಇಡೀ ಟೈಲಿಗೆ 72 ಇಂಚು, ಉಳಿದದ್ದು 14, ಎರಡು ಬದಿಗೆ ಏಳೇಳು. ಗೋಡೆಯ ನಡುವಿನಿಂದ ಗುರುತು ಹಾಕಿಕೊಂಡು ಎರಡೂ ಅಂಚಿಗೆ ಸಮನಾದ, ಅರ್ಧಕ್ಕಿಂತ ದೊಡ್ಡ ತುಂಡು ಬರುವಂತೆ ಹಂಚುತ್ತಾನೆ. ಟೈಲು ಅದೇ, ಸಿಮೆಂಟು ಅದೇ. ಅರ್ಧ ಗಂಟೆ ಹೆಚ್ಚಿಗೆ ಯೋಚಿಸಿದ್ದಷ್ಟೇ ವ್ಯತ್ಯಾಸ. ಮೇಲಿಂದ ಕೆಳಕ್ಕೂ ಇದೇ ಲೆಕ್ಕ. ಸಣ್ಣ ತುಂಡು ಬರಲೇಬೇಕಾದರೆ ಬಾಗಿಲ ಹಿಂದೆಯೋ ಕಮೋಡಿನ ಹಿಂದೆಯೋ ಅಡಗಿರಬೇಕು, ಒಳಗೆ ಕಾಲಿಡುತ್ತಲೇ ಎದುರಾಗಬಾರದು. ನಲ್ಲಿಯ ತೂತನ್ನು ಸುತ್ತಿಗೆಯಲ್ಲಿ ಒಡೆದಿದ್ದಾರೋ ಬಿಟ್ ಹಾಕಿ ಕೊರೆದಿದ್ದಾರೋ ನೋಡಿ. ನಲ್ಲಿಯ ಬಟ್ಟಲಿನಾಚೆಗೆ ಬಿಳಿ ಸಿಮೆಂಟು ಮೆತ್ತಿದ್ದರೆ ಉತ್ತರ ಸಿಕ್ಕಿತು.

ಸಂದು ಕಣ್ಣಿಗೆ ಕಾಣಲೇಬಾರದು, ಟೈಲು ಟೈಲಿಗೆ ಅಂಟಿರಬೇಕು ಅನ್ನುವ ಮನೆಯವರೂ ಉಂಟು. ಹರಿಹರೇಶ್ವರ ದೇವಸ್ಥಾನದಲ್ಲಿ ಅದು ಸರಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಕಲ್ಲಿಗೆ ಕಲ್ಲು ಗಾರೆಯಿಲ್ಲದೆ ಕೂತಿದೆ, ಏಕೆಂದರೆ ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿಗೆ ಹೊಂದುವಂತೆ ಅಲ್ಲೇ ತಿದ್ದಿದ್ದಾರೆ. ಕಾರ್ಖಾನೆಯ ಟೈಲಿಗೆ ಆ ಭಾಗ್ಯವಿಲ್ಲ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಬಿಸಿಗೆ ಹಿಗ್ಗುತ್ತದೆ ಕೂಡ. ಎರಡು ಮೂರು ಮಿಲಿಮೀಟರ್ ಸ್ಪೇಸರ್ ಇಟ್ಟು ಗ್ರೌಟ್ ತುಂಬುವುದೇ ಕ್ರಮ. ಸಂದು ಇದೆಯೋ ಇಲ್ಲವೋ ಅಂತ ನೋಡಬೇಡಿ, ಎಲ್ಲ ಕಡೆ ಒಂದೇ ಅಗಲ ಇದೆಯೋ ನೋಡಿ.

ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದರೆ ಎದ್ದ ಅಂಚೆಲ್ಲ ನೆರಳು ಹಾಕಿ ತಾನೇ ಸಿಕ್ಕಿಬೀಳುತ್ತದೆ. ಬೆರಳು ಆಡಿಸಿದರೂ ತಿಳಿಯುತ್ತದೆ.

ಕಿವಿಗೂ ಕೆಲಸವಿದೆ. ನಾಣ್ಯದಿಂದ ಪ್ರತಿ ಟೈಲಿನ ನಡುವೆ ಮತ್ತು ನಾಲ್ಕು ಮೂಲೆಗೆ ತಟ್ಟಿ. ಗಟ್ಟಿ ಕೂತದ್ದು ಟಣ್ ಅನ್ನುತ್ತದೆ, ಪೊಳ್ಳು ಇದ್ದದ್ದು ಖಾಲಿ ಡಬ್ಬಿಯ ಹಾಗೆ ಡಬ್ ಅನ್ನುತ್ತದೆ. ಟೈಲಿನ ಬೆನ್ನಿಗೆ ಐದು ಕಡೆ ಸಿಮೆಂಟಿನ ಉಂಡೆ ಇಟ್ಟು ಗೋಡೆಗೆ ಒತ್ತಿದ್ದರ ಫಲ ಇದು. ನೀರು ಬೀಳುವ ಜಾಗದಲ್ಲಿ ಟೈಲಿನ ಬೆನ್ನು ನೂರಕ್ಕೆ 95 ಭಾಗ ಹಿಡಿದಿರಬೇಕು ಅನ್ನುತ್ತದೆ ಅಮೆರಿಕದ ಮಾನದಂಡ. ಗೋಡೆಯ ಸಾದಾ ಸೆರಾಮಿಕ್ ಟೈಲು ನೀರು ಕುಡಿಯುತ್ತದೆ. ಸಿಮೆಂಟಿನಲ್ಲಿ ಕೂರಿಸುವುದಾದರೆ ಮೊದಲು ನೆನೆಹಾಕಬೇಕು, ಇಲ್ಲದಿದ್ದರೆ ಸಿಮೆಂಟಿನ ಹಸಿಯನ್ನೇ ಹೀರಿಬಿಡುತ್ತದೆ. ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧ ಭಾಗಕ್ಕಿಂತ ಹೆಚ್ಚು ನೀರು ಕುಡಿಯುವುದಿಲ್ಲ, ಹಾಗಾಗಿ ಸಿಮೆಂಟ್ ಹಾಲು ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಐಎಸ್ 15477 ಗುರುತಿನ ಅಂಟು ಬೇಕು. ಬೀದರಿನ ಮಹಮೂದ್ ಗವಾನ್ ಮದರಸ 1472ರದ್ದು. ಅದರ ಮಿನಾರಿನ ಮೇಲೆ ಉಳಿದಿರುವ ಟೈಲುಗಳ ಬಣ್ಣ ಇವತ್ತಿಗೂ ಕಣ್ಣಿಗೆ ಹೊಡೆಯುತ್ತದೆ, ಉದುರಿದ ಕಡೆ ಬರೀ ಗೋಡೆ. ಬಣ್ಣಕ್ಕೆ ಅಂಗಡಿಯವನು ಎಷ್ಟು ವರ್ಷದ ಗ್ಯಾರಂಟಿ ಬೇಕಾದರೂ ಕೊಡಲಿ, ಹಿಡಿತಕ್ಕೆ ಕೊಡುವವನು ಮೇಸ್ತ್ರಿ.

ತಪ್ಪು ಕಂಡಾಗ ಕೊನೆಯ ಬಿಲ್ಲು ಕೊಡುವ ಮೊದಲೇ ಚಾಕ್‌ಪೀಸಿನಲ್ಲಿ ಗುರುತು ಮಾಡಿ ತೋರಿಸಿ. "ಗ್ರೌಟ್ ತುಂಬಿದ್ಮೇಲೆ ಕಾಣಂಗಿಲ್ಲ ಬಿಡ್ರಿ ಸಾವ್ಕಾರ್ರೆ" ಅನ್ನುವ ಮಾತು ಬಂದೇ ಬರುತ್ತದೆ. ಕಾಣದಿರುವುದು ನಿಜ, ಸರಿಹೋಗುವುದು ಸುಳ್ಳು. ಪೊಳ್ಳು ಟೈಲು ತೆಗೆಯುವಾಗ ಮೊದಲು ಸುತ್ತಲಿನ ಗ್ರೌಟ್ ಕೆರೆದು, ನಡುವಿನಿಂದ ಅಂಚಿನ ಕಡೆಗೆ ಒಡೆಯಬೇಕು. ಅಂಚಿಗೆ ಉಳಿ ಇಟ್ಟರೆ ಪಕ್ಕದ್ದೂ ಸೀಳುತ್ತದೆ.

ಹಳೆಯ ಬಚ್ಚಲಾದರೆ ಬಿಳಿ ಕಲೆಯನ್ನು ಓದಲು ಕಲಿಯಬೇಕು. ಟೈಲಿನ ಮೈಮೇಲೆ ಗಟ್ಟಿಯಾಗಿ ಕೂತ ಬಿಳುಪು ಬೋರಿನ ಗಡಸು ನೀರಿನದು. ಸಂದಿನಿಂದ ಹೊರಬಂದು ಪುಡಿಪುಡಿಯಾಗುವ ಬಿಳುಪಾದರೆ ಟೈಲಿನ ಹಿಂದೆ ನೀರು ಓಡಾಡುತ್ತಿದೆ ಅಂತ ಅರ್ಥ. ಎರಡಕ್ಕೂ ಆಸಿಡ್ ಸುರಿಯುವುದು ನಮ್ಮ ಕಡೆಯ ಕೆಟ್ಟ ರೂಢಿ. ಆಸಿಡ್ ಕಲೆಯ ಜೊತೆಗೆ ಸಿಮೆಂಟಿನ ಗ್ರೌಟನ್ನೂ ತಿನ್ನುತ್ತದೆ. ಬಚ್ಚಲು ಒಂದು ವಾರ ಬೆಳ್ಳಗಿರುತ್ತದೆ, ಆಮೇಲೆ ಸಂದುಗಳು ಬಾಯಿಬಿಡುತ್ತವೆ.

ಆಚೆ ಗೋಡೆಯಲ್ಲಿ ಪಸೆ ಇದ್ದರೆ ಜಾಲಿಯ ಬಾಯಿ ಮುಚ್ಚಿ ನೆಲದಲ್ಲಿ ಒಂದು ಇಂಚು ನೀರು ನಿಲ್ಲಿಸಿ, ಇಡೀ ದಿನ ಬಿಡಿ. ಪಸೆ ಹೆಚ್ಚಿದರೆ ದೋಷ ನೆಲದ್ದು. ಹೆಚ್ಚದಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ. ಪ್ಲಂಬರನ್ನು ಕರೆಸಿ ಪ್ರೆಷರ್ ಹಾಕಿಸಿ. ಈ ವಿಚಾರಣೆ ಮುಗಿಯದೆ ಗ್ರೌಟಿಗೆ ದುಡ್ಡು ಹಾಕಬೇಡಿ. ಮುಗಿದ ಮೇಲೆ ಹಳೆಯ ಗ್ರೌಟನ್ನು ಸಂದಿನ ಮುಕ್ಕಾಲು ಆಳದವರೆಗಾದರೂ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬಿಸಿ. ಹಳೆಯದರ ಮೇಲೆ ಬಳಿದದ್ದು ಹಪ್ಪಳದಂತೆ ಏಳುತ್ತದೆ. ಗೋಡೆ ನೆಲಕ್ಕೆ ಕೂಡುವ ಮೂಲೆಗೆ ಮಾತ್ರ ಸಿಲಿಕೋನ್, ಅಲ್ಲಿ ಅಲುಗಾಟ ಇರುವುದರಿಂದ ಗ್ರೌಟ್ ಸೀಳುತ್ತದೆ.

ವಾಟವೇ ತಪ್ಪಿದ್ದರೆ ಮದ್ದಿಲ್ಲ. ಟೈಲಿನ ಮೇಲೆ ಟೈಲು ಹಾಕೋಣ ಅನ್ನುತ್ತಾರೆ. ನೆಲ ಅರ್ಧ ಇಂಚಿಗೂ ಹೆಚ್ಚು ಏರಿ ಹೊಸ್ತಿಲಿನ ಸಮಕ್ಕೆ ಬರುತ್ತದೆ, ನೀರು ಕೋಣೆಗೆ ನುಗ್ಗುತ್ತದೆ. ನನ್ನ ಮಾತು ಕೇಳುವುದಾದರೆ ಒಡೆಸಿ, ವಾಟರ್‌ಪ್ರೂಫಿಂಗ್‌ನಿಂದ ಹಿಡಿದು ಹೊಸದಾಗಿ ಮಾಡಿಸಿ.

ಯಾವುದಕ್ಕೂ ಮಿಕ್ಕ ಟೈಲುಗಳನ್ನು ಅಂಗಡಿಗೆ ವಾಪಸ್ ಕೊಡಬೇಡಿ. ಶೇಡ್ ನಂಬರ್ ಇರುವ ಬಾಕ್ಸಿನ ಸಮೇತ ಅಟ್ಟದಲ್ಲಿಡಿ. ಎರಡು ವರ್ಷ ಕಳೆದರೆ ಅದೇ ಶೇಡ್ ಸಿಗುವುದು ಕಷ್ಟ.