ಕುರಿತಲೆ ಸಿಗದ ದಕ್ಷ

ಅಮೀಶ್ ತ್ರಿಪಾಠಿಯವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ವನ್ನು ನಾನು ಓದಿದ್ದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರಾತ್ರಿ ರೈಲಿನಲ್ಲಿ. ಲೈಟು ಆರಿಸಿ ಎಂದು ಕೆಳಗಿನ ಬರ್ತಿನವರು ಎರಡು ಸಲ ಗದರಿದರೂ ಆರಿಸಲಿಲ್ಲ. ಇಂಗ್ಲಿಷು ಸಪ್ಪೆ, ಸಂಭಾಷಣೆ ಕಾಲೇಜು ಹುಡುಗರ ಹರಟೆಯಂತಿದೆ ಅನ್ನುವುದು ಹತ್ತನೇ ಪುಟಕ್ಕೇ ಗೊತ್ತಾಗಿತ್ತು. ಆದರೂ ಬಿಡಲಾಗಲಿಲ್ಲ. ಕಾರಣ ಶಿವ. ಟಿಬೆಟ್ಟಿನ ಗುಣ ಎಂಬ ಬುಡಕಟ್ಟಿನ ನಾಯಕ, ಚಿಲುಮೆ ಸೇದುವವನು, ಕುಣಿಯುವವನು. ಚಿಕ್ಕಂದಿನಲ್ಲಿ ಕಣ್ಣೆದುರು ಒಬ್ಬ ಹೆಂಗಸಿನ ಮೇಲೆ ದೌರ್ಜನ್ಯ ನಡೆಯುವಾಗ ಹೆದರಿ ಓಡಿಹೋದ ಪಾಪ ಅವನ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥವನು ವಲಸೆಗಾರನಾಗಿ ಮೆಲೂಹ ಎಂಬ ನಾಡಿಗೆ ಬಂದು ಸೋಮರಸ ಕುಡಿದಾಗ ಕುತ್ತಿಗೆ ನೀಲಿಯಾಗುತ್ತದೆ. ಊರಿಗೆ ಊರೇ ಕಾಲಿಗೆ ಬೀಳುತ್ತದೆ. ಅವನಿಗೆ ಮಾತ್ರ ತಾನು ದೇವರೆಂದು ನಂಬಿಕೆಯಿಲ್ಲ. ಬ್ಯಾಂಕಿಂಗ್, ವಿಮೆಯ ಲೋಕದಲ್ಲಿದ್ದ ಐಐಎಂ ಪದವೀಧರರೊಬ್ಬರು ಮೊದಲ ಕಾದಂಬರಿಯಲ್ಲೇ ಇಷ್ಟು ಹಿಡಿಸುವ ಪಾತ್ರ ಕಟ್ಟಿದರಲ್ಲ ಎಂದು ಬೆರಗಾಗಿತ್ತು. ಹಲವು ಪ್ರಕಾಶಕರು ಬೇಡವೆಂದ ಪುಸ್ತಕ ಅದು. ಮೊದಲ ಅಧ್ಯಾಯವನ್ನು ಅಚ್ಚು ಹಾಕಿಸಿ ಅಂಗಡಿಗಳಲ್ಲಿ ಪುಕ್ಕಟೆ ಹಂಚಿಸಿದ್ದರಂತೆ. ಆ ಹುಮ್ಮಸ್ಸು ಪುಟಗಳಲ್ಲೂ ಇತ್ತು.

2010ರಲ್ಲಿ ಅದು, 2011ರಲ್ಲಿ ‘ದಿ ಸೀಕ್ರೆಟ್ ಆಫ್ ದ ನಾಗಾಸ್’, 2013ರ ಫೆಬ್ರವರಿಯಲ್ಲಿ ಕೊನೆಯ ‘ದಿ ಓತ್ ಆಫ್ ದ ವಾಯುಪುತ್ರಾಸ್’. ನನ್ನ ತಕರಾರು ಈ ಮೂರನೆಯದರ ಮೇಲೆ. ಐನೂರು ಪುಟ ದಾಟಿದ ಪುಸ್ತಕವನ್ನು ಮುಗಿಸಿ ಮುಚ್ಚಿಟ್ಟಾಗ ಸಿಟ್ಟಿಗಿಂತ ಹೆಚ್ಚಾಗಿ, ಮದುವೆಮನೆಗೆ ಹೋಗಿ ಉಣ್ಣದೆ ವಾಪಸು ಬಂದಂತಾಗಿತ್ತು.

ಮೊದಲ ಪುಸ್ತಕದಲ್ಲಿ ಒಂದು ಚಮತ್ಕಾರವಿದೆ. ಯುದ್ಧಕ್ಕೆ ಮುಂಚೆ ಶಿವ ಸೈನಿಕರಿಗೆ, ಮಹಾದೇವ ನಾನೊಬ್ಬನೇ ಅಲ್ಲ, ನೀವು ಪ್ರತಿಯೊಬ್ಬರೂ ಮಹಾದೇವರೇ ಎನ್ನುತ್ತಾನೆ. ‘ಹರ ಹರ ಮಹಾದೇವ’ ಎಂಬ ಘೋಷ ಹುಟ್ಟಿದ್ದು ಹೀಗೆ ಎಂಬುದು ಲೇಖಕರ ಕಲ್ಪನೆ. ಹಿಂದಿಯ ‘ಹರ್’ ಅಂದರೆ ‘ಪ್ರತಿಯೊಬ್ಬ’ ತಾನೆ? ಕನ್ನಡದ ಕಿವಿಗೆ ಇದು ತಾಗುವುದೇ ಇಲ್ಲ. ನಮಗೆ ಹರ ಎಂದರೆ ಹರನೇ. ಎರಡು ಸಲ ಕೂಗಿದರೆ ಭಕ್ತಿ ಹೆಚ್ಚಾಯಿತು ಅಷ್ಟೇ. ಕಥೆ ನಡೆಯುವ ಕ್ರಿಸ್ತಪೂರ್ವ 1900ರ ಜನ ಇಂದಿನ ಹಿಂದಿಯಲ್ಲಿ ಶ್ಲೇಷೆ ಮಾಡುತ್ತಿದ್ದರೇ ಎಂದು ನಗುವೂ ಬಂತು. ಆದರೂ ಆ ಕೀಟಲೆಯನ್ನು ಮನಸ್ಸಿನಲ್ಲೇ ಮಾಫಿ ಮಾಡಿದ್ದೆ, ಅದರ ಹಿಂದಿನ ಆಲೋಚನೆ ದೊಡ್ಡದಾಗಿತ್ತು ಅಂತ. ದೈವತ್ವ ಹುಟ್ಟಿನಿಂದ ಬರುವುದಲ್ಲ, ಮಾಡುವ ಕೆಲಸದಿಂದ ಬರುವುದು. ಹಿಂದಿನ ಜನ್ಮದ ಕರ್ಮದ ಹೆಸರಿನಲ್ಲಿ ದೂರವಿಟ್ಟ ‘ವಿಕರ್ಮ’ರ ಕಟ್ಟಳೆಯನ್ನು ಶಿವ ಮುರಿಯುವುದೂ ಇದೇ ಆಲೋಚನೆಯ ಬಲದಿಂದ.

ಮೂರನೆಯ ಪುಸ್ತಕ ಈ ಮಾತನ್ನೇ ಹಿಂದಕ್ಕೆ ತೆಗೆದುಕೊಂಡುಬಿಡುತ್ತದೆ. ಶಿವನ ಕುತ್ತಿಗೆ ನೀಲಿಯಾದದ್ದು ಆಕಸ್ಮಿಕವಲ್ಲ. ಅವನ ಚಿಕ್ಕಪ್ಪ ಮನೋಭು ವಾಯುಪುತ್ರರೆಂಬ ಪಂಗಡದಲ್ಲಿ ಒಬ್ಬ, ಹುಡುಗನಾಗಿದ್ದಾಗಲೇ ಮದ್ದು ಕೊಟ್ಟು ಅವನನ್ನು ತಯಾರು ಮಾಡಿಟ್ಟಿದ್ದ ಎಂದು ಅಲ್ಲಿ ತಿಳಿಯುತ್ತದೆ. ಅಂದರೆ ಇಡೀ ಕಥೆಯನ್ನು ಹೊತ್ತಿದ್ದ ಅನುಮಾನಕ್ಕೆ, ‘ಇವನು ನಿಜವಾಗಿ ನೀಲಕಂಠನೋ ಅಲ್ಲವೋ’ ಎಂಬ ಚಡಪಡಿಕೆಗೆ, ಸಿಕ್ಕ ಉತ್ತರ ಒಂದು ಮನೆತನದ ಗುಟ್ಟು. ವಲಸೆಗಾರ ಕಡೆಗೂ ಒಳಗಿನವನೇ ಆಗಿಹೋದ. ಪ್ರತಿಯೊಬ್ಬನೂ ಮಹಾದೇವ ಎಂದು ಕೂಗಿದವರಿಗೆ ಮದ್ದು ಕುಡಿಸುವ ಚಿಕ್ಕಪ್ಪಂದಿರು ಎಲ್ಲಿಂದ ಬರಬೇಕು?

ಸೋಮರಸದ ವಿಚಾರಕ್ಕೆ ಬಂದರೆ ನಿರಾಸೆ ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ನಿಜಕ್ಕೂ ಒಳ್ಳೆಯ ಸರಕಿತ್ತು. ಆಯುಷ್ಯ ಹೆಚ್ಚಿಸುವ ಈ ಪಾನೀಯದ ತಯಾರಿಕೆ ಸರಸ್ವತಿಯ ನೀರನ್ನು ಹೀರುತ್ತದೆ. ಅದರ ವಿಷದ ಕಸವನ್ನು ದೂರದ ತ್ಸಾಂಗ್ಪೊ ನದಿಗೆ ಸುರಿಯುತ್ತಾರೆ. ಅದೇ ನದಿ ಬ್ರಹ್ಮಪುತ್ರವಾಗಿ ಹರಿದು ಬ್ರಂಗ ಎಂಬ ನಾಡಿನ ಜನರಿಗೆ ಪಿಡುಗು ತರುತ್ತದೆ. ಅಂಗವೈಕಲ್ಯದ ಮಕ್ಕಳು ಹುಟ್ಟುವುದೂ ಸೋಮರಸದಿಂದಲೇ. ಆ ಮಕ್ಕಳನ್ನೇ ನಾಗರೆಂದು ಊರಾಚೆ ದಬ್ಬುತ್ತಾರೆ. ಲಾಭ ಒಂದು ಊರಿಗೆ, ಕಸ ಇನ್ನೊಂದು ಊರಿಗೆ. ಕಾರ್ಖಾನೆಯ ಕೆಳಗಿನ ಹೊಳೆದಂಡೆಯಲ್ಲಿ ಸತ್ತು ತೇಲಿದ ಮೀನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಾಳಿ ಭೃಗುವೂ ದುಷ್ಟನಲ್ಲ. ಸೋಮರಸ ಒಳ್ಳೆಯದೆಂದು ಪ್ರಾಮಾಣಿಕವಾಗಿ ನಂಬಿದವನು. ಒಳ್ಳೆಯದೊಂದು ಯಾವಾಗ ಕೆಟ್ಟದ್ದಾಗುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂದು ಶಿವ, ಭೃಗು ಇಬ್ಬರೂ ಎದುರುಬದುರು ಕೂತು ಜಗಳಾಡುವ ಪುಟಗಳಿಗೆ ನಾನು ಕಾದೇ ಕಾದೆ. ಸಿಕ್ಕಿದ್ದು ಸೈನ್ಯ ಎಲ್ಲಿಂದ ಎಲ್ಲಿಗೆ ಹೊರಟಿತು, ಹಡಗು ಯಾವ ನದಿಯಲ್ಲಿ ತಿರುಗಿತು ಎಂಬ ವರದಿ. ಮಧ್ಯೆ ಮಧ್ಯೆ ಯಾರಾದರೊಬ್ಬರು ನಿಂತು ಪಾಠ ಮಾಡುತ್ತಾರೆ. ಪವಾಡಕ್ಕೆಲ್ಲ ವಿಜ್ಞಾನದ ವಿವರಣೆ ಕೊಡುವ ಚಟ ಎರಡನೆಯ ಪುಸ್ತಕದಲ್ಲೇ ಮಿತಿ ಮೀರಿತ್ತು. ದೇವಸ್ಥಾನದ ಗೋಪುರಗಳಿಂದ ಪಂಡಿತರು ರೇಡಿಯೋ ತರಂಗಗಳಲ್ಲಿ ಮಾತಾಡಿಕೊಂಡಾಗ ನನ್ನೊಳಗಿನ ಓದುಗ ಆಕಳಿಸಿದ.

ಪುರಾಣದ ಪವಾಡವನ್ನು ಕಳಚಿ ನೋಡುವುದು ಕನ್ನಡದವರಿಗೆ ಹೊಸದೇನಲ್ಲ. ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ. ಅಲ್ಲಿ ದೇವರುಗಳು ಹೋದ ಜಾಗದಲ್ಲಿ ಬೆವರು, ಹಸಿವು, ಮುಪ್ಪು, ಕೊಳೆತ ಹೆಣದ ನಾತ ಬಂದು ಕೂತವು. ಒಂದನ್ನು ತೆಗೆದರೆ ಅಷ್ಟೇ ತೂಕದ ಇನ್ನೊಂದನ್ನು ಇಡಬೇಕಾಗುತ್ತದೆ. ಅಮೀಶ್ ದೇವರನ್ನು ತೆಗೆದು ಯಂತ್ರ ಇಟ್ಟರು. ಅಮೀಶರದು ಫ್ಯಾಂಟಸಿ, ಭೈರಪ್ಪನವರದು ವಾಸ್ತವ, ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಫ್ಯಾಂಟಸಿಯಾಗಿದ್ದರೆ ಒಳ್ಳೆಯದೇ ಆಯಿತು, ಬೆರಗನ್ನಾದರೂ ಉಳಿಸಬೇಕಿತ್ತು.

ಇದರ ನಡುವೆ ಒಬ್ಬ ಪರ್ವತೇಶ್ವರ ನನ್ನನ್ನು ಕೂರಿಸಿ ಓದಿಸಿದ. ಮೆಲೂಹದ ಈ ಸೇನಾಪತಿಗೆ ಶಿವ ಹೇಳುತ್ತಿರುವುದು ಸರಿ ಎಂದು ಗೊತ್ತು, ಅವನ ಮೇಲೆ ಭಕ್ತಿಯೂ ಇದೆ. ಆದರೂ ನಾಡನ್ನು ಬಿಟ್ಟುಕೊಡಲಾರದೆ ಅವನ ವಿರುದ್ಧವೇ ಕತ್ತಿ ಹಿಡಿಯುತ್ತಾನೆ. ಭೀಷ್ಮನನ್ನೂ ಕರ್ಣನನ್ನೂ ನೂರು ಸಲ ಕಂಡಿರುವ ನಮಗೆ ಈ ಸಂಕಟ ಗುರುತಿನದು. ಹೆಂಡತಿ ಆನಂದಮಯಿ ಕೊನೆಗೆ ಅವನ ಜೊತೆಗೇ ಉಳಿಯುವ ಭಾಗ ಓದುವಾಗ ಮಾತ್ರ ಇಂಗ್ಲಿಷು ಸಪ್ಪೆ ಎನ್ನುವುದು ನೆನಪಿಗೆ ಬರಲಿಲ್ಲ.

ಇನ್ನು ಶಿವನ ಹೆಂಡತಿ ಸತಿ. ದಕ್ಷಯಜ್ಞದ ಕಥೆ ಗೊತ್ತಿಲ್ಲದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕರಾವಳಿಯಲ್ಲಿ ‘ದಕ್ಷಾಧ್ವರ’ ಯಕ್ಷಗಾನದಲ್ಲಿ ದಾಕ್ಷಾಯಿಣಿ ಕರೆಯದ ತವರಿಗೆ ಹೊರಟು ನಿಂತಾಗ, ಬೇಡ ಕಣಮ್ಮಾ ಎಂದು ಕೂಗಬೇಕು ಅನ್ನಿಸುತ್ತದೆ. ಅವಳು ಸಾಯುವುದು ಯಾರದೋ ಕೈಯಿಂದಲ್ಲ. ಅಪ್ಪನ ಸಭೆಯಲ್ಲಿ ಗಂಡನಿಗಾದ ಅವಮಾನಕ್ಕೆ ತನ್ನ ದೇಹವನ್ನೇ ಉತ್ತರವಾಗಿ ಕೊಡುತ್ತಾಳೆ. ಇಂದಿನ ಲೇಖಕ ಹೆಣ್ಣನ್ನು ಬೆಂಕಿಗೆ ನೂಕಲು ಹಿಂಜರಿದದ್ದು ಸಹಜ, ಒಪ್ಪುತ್ತೇನೆ. ಅಮೀಶರ ಸತಿ ಕತ್ತಿ ಹಿಡಿದವಳು. ಶಾಂತಿ ಮಾತುಕತೆಯ ನೆಪದಲ್ಲಿ ಶಿವನಿಗೆಂದು ಅವಳ ಅಪ್ಪ, ಮೆಲೂಹದ ದೊರೆ ದಕ್ಷ ಹೂಡಿದ ಸಂಚಿಗೆ ಬಲಿಯಾಗಿ, ಈಜಿಪ್ಟಿನ ಹಂತಕರ ಜೊತೆ ಕಾದಾಡುತ್ತಲೇ ಸಾಯುತ್ತಾಳೆ. ಕಾಳಗವನ್ನು ಬರೆದ ರೀತಿ ಇಡೀ ಪುಸ್ತಕದಲ್ಲೇ ಚೊಕ್ಕ. ಆದರೆ ಅವಳ ಸಾವು ಅವಳ ತೀರ್ಮಾನವಾಗಿ ಉಳಿಯಲಿಲ್ಲ, ಗಂಡನ ಸಿಟ್ಟಿಗೆ ಕಾರಣವಾಯಿತು ಅಷ್ಟೇ. ಅವಳ ಕೈಗೆ ಕತ್ತಿ ಕೊಟ್ಟು ಬಾಯಿಂದ ಮಾತು ಕಿತ್ತುಕೊಂಡಂತೆ.

ಆ ಸಿಟ್ಟು ಏನು ಮಾಡಿತು? ಹೆದರಿಸಲೆಂದು ತಂದ ಪಾಶುಪತಾಸ್ತ್ರವನ್ನು ಶಿವ ಮೆಲೂಹದ ರಾಜಧಾನಿ ದೇವಗಿರಿಯ ಮೇಲೆ ಬಿಟ್ಟು ನಗರವನ್ನೇ ಇಲ್ಲವಾಗಿಸಿದ. ದಕ್ಷ, ಅವನ ಹೆಂಡತಿ ವೀರಿಣಿ, ಪರ್ವತೇಶ್ವರ, ಆನಂದಮಯಿ, ಊರು ಬಿಡಲೊಲ್ಲದ ಜನ ಎಲ್ಲರೂ ಬೂದಿ. ಕೆಡುಕು ಯಾವುದೆಂದು ಮೂರು ಪುಸ್ತಕಗಳ ಉದ್ದಕ್ಕೂ ಹುಡುಕಿದವನು ಕೊನೆಯಲ್ಲಿ ಹೆಂಡತಿ ಸತ್ತ ದುಃಖಕ್ಕೆ ಊರು ಸುಟ್ಟ. ಇದು ಸರಿಯೋ ತಪ್ಪೋ ಎಂದು ಕಾದಂಬರಿ ಒಂದು ಗಳಿಗೆಯಾದರೂ ನಿಂತು ಬೆವರುವುದಿಲ್ಲ. ಬೇಗ ಬೇಗ ಎಲ್ಲರ ಮುಂದಿನ ಗತಿ ಹೇಳಿ ಬಾಗಿಲು ಹಾಕುತ್ತದೆ.

ವೀರಗಾಸೆಯವರು ಕತ್ತಿ ಝಳಪಿಸಿ ಒಡಪು ಹೇಳುವುದೂ ಇದೇ ದಕ್ಷನ ಕಥೆಯನ್ನೇ. ಅಲ್ಲೂ ಶಿವನ ಸಿಟ್ಟಿಗೆ ಎಲ್ಲೆಯಿಲ್ಲ. ಜಟೆಯಿಂದ ಎದ್ದ ವೀರಭದ್ರ ಯಜ್ಞಶಾಲೆಯನ್ನು ಪುಡಿಗಟ್ಟುತ್ತಾನೆ, ದಕ್ಷನ ತಲೆ ಹಾರಿಸುತ್ತಾನೆ. ಅಮೀಶರಲ್ಲಿ ಈ ವೀರಭದ್ರ ಶಿವನ ಬಾಲ್ಯದ ಗೆಳೆಯ ಭದ್ರ, ತಕ್ಕಮಟ್ಟಿಗೆ ಒಳ್ಳೆಯ ಹುಡುಗ. ಆದರೆ ಹಳೆಯ ಕಥೆ ತಲೆ ಹಾರಿದಲ್ಲಿಗೆ ನಿಲ್ಲುವುದಿಲ್ಲ. ದೇವತೆಗಳು ಬೇಡುತ್ತಾರೆ, ಶಿವ ಕರಗುತ್ತಾನೆ, ಸತ್ತ ಮಾವನ ಮುಂಡಕ್ಕೆ ಕುರಿಯ ತಲೆ ಜೋಡಿಸಿ ಎಬ್ಬಿಸುತ್ತಾರೆ, ನಿಂತ ಯಜ್ಞ ಪೂರ್ತಿಯಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡವನೇ ಅದಕ್ಕೆ ಕಾರಣನಾದವನಿಗೆ ಜೀವ ಕೊಡುತ್ತಾನೆ, ಜೊತೆಗೆ ಸಾಯುವವರೆಗೂ ಹೊತ್ತು ತಿರುಗಬೇಕಾದ ಒಂದು ಗುರುತನ್ನೂ ಕೊಡುತ್ತಾನೆ.

ಮೂರು ಪುಸ್ತಕಗಳೂ ನನ್ನ ಕಪಾಟಿನಲ್ಲಿವೆ. ಮೊದಲನೆಯದರ ಬೆನ್ನು ಓದಿ ಓದಿ ಬಿರಿದಿದೆ, ಮೂರನೆಯದು ಹೊಸದರಂತೆಯೇ ಇದೆ. ನಮ್ಮ ಊರಿನ ವೀರಭದ್ರನ ಗುಡಿಗೆ ಹೋದಾಗಲೆಲ್ಲ ಅವನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಕೈಮುಗಿದು ನಿಂತ ಕುರಿತಲೆಯ ದಕ್ಷನನ್ನು ನೋಡುತ್ತೇನೆ. ಅರ್ಚಕರು ಅವನಿಗೂ ಒಂದು ಹೂವು ಇಡುತ್ತಾರೆ.