ರಾಷ್ಟ್ರಾದಾಯದ ಅಳತೆ

ದೇಶವು ಬಡವಾಗಿದೆಯೆಂದು ಮರುಗುವದು ಸುಲಭ. ಎಷ್ಟು ಬಡವಾಗಿದೆಯೆಂದು ಲೆಕ್ಕ ಕಟ್ಟಿ ಹೇಳುವದು ಕಠಿಣ. ಭಾರತೀಯರಲ್ಲಿ ಈ ಕಾರ್ಯಕ್ಕೆ ಮೊದಲು ಕೈಯಿಕ್ಕಿದವರು ದಾದಾಭಾಯಿ ನವರೋಜಿಯವರು. 1867-68ರಲ್ಲಿ ತಲೆಯೊಂದರ ಪಾಲಿಗೆ ಬಂದ ಆದಾಯವು ವರ್ಷಕ್ಕೆ 20 ರೂಪಾಯಿಯೆಂದೂ, ಸೆರೆಮನೆಯ ಕೈದಿಯ ಅನ್ನಬಟ್ಟೆಗೆ ತಗಲುವ ವೆಚ್ಚವು ಅದಕ್ಕೂ ಹೆಚ್ಚೆಂದೂ ಅವರು ತೋರಿಸಿದರು. ಅದು ವಾದಕ್ಕಾಗಿ ಹೂಡಿದ ಲೆಕ್ಕ. ವಾದವನ್ನು ಬದಿಗಿಟ್ಟು ಶಾಸ್ತ್ರವನ್ನೇ ಕಟ್ಟಲೆಳಸಿದ ಗ್ರಂಥವು ಡಾಕ್ಟರ್ ವಿ. ಕೆ. ಆರ್. ವಿ. ರಾಯರದು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಸ್ಥಾಪಿಸಿದ ಈ ಪಂಡಿತರು, 1931-32ರ ಬ್ರಿಟಿಷ್ ಹಿಂದುಸ್ಥಾನದ ಆದಾಯವನ್ನು ಕುರಿತ ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು.

ಗ್ರಂಥದ ಮೊದಲ ಗುಣವು ಅದರ ಪದ್ಧತಿ. ಬೇಸಾಯ, ದನಕರು, ಕಾಡು, ಗಣಿಗಳಲ್ಲಿ ಹುಟ್ಟುವಳಿಗೆ ಬೆಲೆ ಕಟ್ಟುವದು. ಕೈಗಾರಿಕೆ, ವ್ಯಾಪಾರ, ಸೇವಾವೃತ್ತಿಗಳಲ್ಲಿ ದುಡಿಯುವವರ ಸಂಖ್ಯೆಯನ್ನು ಜನಗಣತಿಯಿಂದ ತೆಗೆದುಕೊಂಡು ಅವರ ಗಳಿಕೆಯನ್ನು ಕೂಡಿಸುವದು. ಹುಬ್ಬಳ್ಳಿಯ ಅರಳೆಗೆ ಒಮ್ಮೆ, ಅದರ ನೂಲಿಗೆ ಒಮ್ಮೆ, ಬಟ್ಟೆಗೆ ಮತ್ತೊಮ್ಮೆ ಪೂರ್ಣ ಬೆಲೆ ಹಿಡಿದರೆ ಒಂದೇ ಸಂಪತ್ತು ಮೂರಾಗಿ ಕಾಣುವದು. ಈ ಭ್ರಮೆಯಿಂದ ಪಾರಾಗುವದೇ ಗಣಕನ ಮೊದಲ ವ್ರತ.

ಎರಡನೆಯ ಗುಣವು ಇದಕ್ಕೂ ದೊಡ್ಡದು. ತಲೆಗೆ 62 ರೂಪಾಯಿಯೆಂದು ಹೇಳಿ ರಾಯರು ನಿಲ್ಲಲಿಲ್ಲ; ಹಳ್ಳಿಯವನಿಗೆ 51, ಪಟ್ಟಣಿಗನಿಗೆ 166 ಎಂದು ಒಡೆದು ತೋರಿದರು. ಅಂದ ಬಳಿಕ 62 ರೂಪಾಯಿಯ ಮನುಷ್ಯನು ಹಳ್ಳಿಯಲ್ಲಿಯೂ ಇಲ್ಲ, ಪಟ್ಟಣದಲ್ಲಿಯೂ ಇಲ್ಲ. ಅವನು ಭಾಗಾಕಾರದಲ್ಲಿ ಹುಟ್ಟಿದವನು. ಖೇದದ ಸಂಗತಿಯೆಂದರೆ, ಗ್ರಂಥವನ್ನು ಉದ್ಧರಿಸುವವರು 62ನ್ನು ಹಿಡಿದು ಉಳಿದೆರಡನ್ನು ಮರೆಯುತ್ತಾರೆ.

ವೃದ್ಧಿಯನ್ನಳೆಯುವಾಗ ಇನ್ನೂ ಎಚ್ಚರ ಬೇಕು. 1949ರಲ್ಲಿ ಸರಕಾರವು ನೇಮಿಸಿದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಅಧ್ಯಕ್ಷ ಮಹಲನೋಬಿಸರೊಡನೆ ಗಾಡಗೀಳರೂ ರಾಯರೂ ಇದ್ದರು. ಆ ಸಮಿತಿಯು 1948-49ಕ್ಕೆ ತಲೆಗೆ 246.9 ರೂಪಾಯಿಯೆಂದು ಗಣಿಸಿತು. 62ರ ಮಗ್ಗುಲಿಗೆ ಇದನ್ನಿಟ್ಟು ದೇಶವು ನಾಲ್ಮಡಿ ಬೆಳೆಯಿತೆಂದು ಹಿಗ್ಗುವವನು ಮೋಸಹೋದನು. 1931-32 ಧಾರಣೆ ಕುಸಿದ ಕಾಲ. 1948-49 ಯುದ್ಧದ ಬೆಲೆಯೇರಿಕೆಯನ್ನು ಕಂಡ ಕಾಲ. ನಡುವೆ 1947ರಲ್ಲಿ ದೇಶವೇ ಇಬ್ಭಾಗವಾಗಿತ್ತು. ಜೋಳದ ಚೀಲಗಳು ಅಷ್ಟೇ ಇದ್ದು ಧಾರಣೆ ಏರಿದರೆ ಬೆಳೆದುದು ಅಂಕಿಯೇ ಹೊರತು ಜೋಳವಲ್ಲ.

ಗ್ರಂಥದ ಕೊರತೆಯೂ ಇದೆ. ಅದು ರಾಯರೊಬ್ಬರದಲ್ಲ, ಈ ಶಾಸ್ತ್ರದ್ದೇ. ಧಾರವಾಡದ ಲಕಮನಹಳ್ಳಿಯನ್ನು ನಿದರ್ಶನವಾಗಿ ನೋಡಬಹುದು. ಹೆಸರಿನಲ್ಲಿ ಹಳ್ಳಿಯಾದರೂ ಇಂದು ಅದು ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಎಲ್ಲೆಯೊಳಗಿನದು. ಕೈಗಾರಿಕಾ ಪ್ರದೇಶವೂ, ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವೂ ಅಲ್ಲಿವೆ. ಕಾರಖಾನೆಯ ಕೂಲಿ, ಸಂಶೋಧಕನ ಸಂಬಳ ಎರಡೂ ರಾಷ್ಟ್ರಾದಾಯಕ್ಕೆ ಸಲ್ಲುವವು. ಅಂಥ ಊರಿನ ಮನೆಗಳಲ್ಲಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ನೀರು ತುಂಬಿ, ಕೂಸನ್ನು ಸಲಹುವ ಹೆಂಗಸಿನ ದುಡಿಮೆ ಮಾತ್ರ ಸಲ್ಲದು. ಅದೇ ರೊಟ್ಟಿಯನ್ನು ಆಕೆ ಖಾನಾವಳಿಯಲ್ಲಿ ಕೂಲಿಗೆ ಬಡಿದರೆ ದೇಶದ ಆದಾಯವು ಏರುವದು! ರೊಟ್ಟಿ ಹೆಚ್ಚಲಿಲ್ಲ, ಒಲೆಯಷ್ಟೇ ಬದಲಾಯಿತು. 2019ರಲ್ಲಿ ಅಖಿಲ ಭಾರತ ಮಟ್ಟದಲ್ಲಿ ನಡೆದ ಕಾಲಬಳಕೆಯ ಸಮೀಕ್ಷೆಯು, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುವರೆಂದು ಕಂಡಿತು. ಇಷ್ಟು ದೊಡ್ಡ ದುಡಿಮೆಯನ್ನು ಹೊರಗಿಟ್ಟ ಮೊತ್ತವು ಪೇಟೆಯ ಲೆಕ್ಕವಾಗಬಹುದು, ನಾಡಿನ ದುಡಿಮೆಯ ಲೆಕ್ಕವಾಗಲಾರದು.

ಹೀಗೆಂದು ಅಳತೆಗೋಲನ್ನೇ ಎಸೆಯಬೇಕೆಂದಲ್ಲ. ಅಂಕಿಯಿಲ್ಲದ ಕಡೆ ಬಡವನ ಸಂಕಟವು ಬರಿಯ ಮಾತಾಗಿ ಉಳಿಯುವದು. ಆದರೆ ಮೊತ್ತವನ್ನು ಓದುವವನು ಮೂರು ಪ್ರಶ್ನೆಗಳನ್ನು ಕೇಳಲೇಬೇಕು: ಯಾವ ವರ್ಷದ ಬೆಲೆ? ಯಾರ ಪಾಲು ಎಷ್ಟು? ಯಾರ ದುಡಿಮೆ ಹೊರಗುಳಿಯಿತು? ಮೊದಲಿನೆರಡನ್ನು ಕೇಳಲು ರಾಯರ ಗ್ರಂಥವು ಕಲಿಸುವದು. ಮೂರನೆಯದನ್ನು ಓದುಗನೇ ಕೇಳಿಕೊಳ್ಳಬೇಕಾಗಿದೆ.